ಕೆಂಪು ಝಂಡಾ, ಮೂಲೆಯಲ್ಲಿ ತಿರಂಗಾ

ಬೇಸಿಗೆಯಲ್ಲಿ ಭೀಮಾ ನದಿಯಲ್ಲೂ ನೀರು ಹುಡುಕಬೇಕಾದ ಕಡೆಯವನು ನಾನು. ಕಲಬುರಗಿ ಹುಡುಗ ಹೇಗೋ ಮರ್ಚಂಟ್ ನೇವಿ ಸೇರಿದೆ. ಥರ್ಡ್ ಆಫೀಸರ್ ಆದ ಹೊಸತರಲ್ಲಿ ಹಡಗಿನ ಹಿಂಬದಿ ಬಾವುಟದ ಪಕ್ಕ ನಿಂತು ಫೋಟೊ ತೆಗೆಸಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಕಾಕಾನ ಫೋನ್ ಬಂತು.

"ಏನ್ ತಮ್ಮಾ, ಕೆಂಪು ಝಂಡಾ ಅಷ್ಟ್ ದೊಡ್ದದ, ನಮ್ಮ ತಿರಂಗಾ ಮೂಲ್ಯಾಗ ಸಣ್ದಾಗಿ ಕುಂತದಲ್ಲ? ಯಾವ ದೇಶದ ಹಡಗ ಇದು?"

ಕಾಕಾ ಮೇಷ್ಟ್ರಾಗಿದ್ದವರು. ನಮ್ಮ ಕಡೆ ಧ್ವಜ ಹಾರಿಸೋದು ಎರಡು ಸಲ ಅಲ್ಲ, ಮೂರು ಸಲ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ 17 ಕೂಡ ಸೇರುತ್ತೆ. ವರ್ಷಾನುಗಟ್ಟಲೆ ಶಾಲೆ ಅಂಗಳದಲ್ಲಿ ಹಗ್ಗ ಎಳೆದ ಕೈ ಅವರದು. ಸಿಟ್ಟು ಬಂದಿದ್ದು ಸಹಜ.

ನಮ್ಮ ವ್ಯಾಪಾರಿ ಹಡಗುಗಳ ಬಾವುಟ ಇರೋದೇ ಹಾಗೆ. ಕೆಂಪು ಬಟ್ಟೆ, ಹಗ್ಗದ ಕಡೆಯ ಮೇಲಿನ ಮೂಲೆಯಲ್ಲಿ ತ್ರಿವರ್ಣ. ಈ ಕೆಂಪು ಬ್ರಿಟಿಷರಿಂದ ಬಂದಿದ್ದು. ಅವರ ನೌಕಾಪಡೆಯಲ್ಲಿ ಕೆಂಪು, ಬಿಳಿ, ನೀಲಿ ಅಂತ ಮೂರು ದಳ ಇದ್ದವು. 1864ರಲ್ಲಿ ಅದನ್ನು ಬಿಟ್ಟು ಬಿಳಿ ನೌಕಾಪಡೆಗೆ, ಕೆಂಪು ವ್ಯಾಪಾರಿ ಹಡಗಿಗೆ ಅಂತ ಹಂಚಿದರು. ನಮ್ಮಲ್ಲೂ ಆ ಲೆಕ್ಕ ಉಳಿದಿದೆ: ನೌಕಾಪಡೆಗೆ ಬಿಳಿ, ಕೋಸ್ಟ್ ಗಾರ್ಡ್‌ಗೆ ನೀಲಿ, ನಮಗೆ ಕೆಂಪು. ನೌಕಾಪಡೆಯ ಬಾವುಟದಲ್ಲಿದ್ದ ಕೆಂಪು ಶಿಲುಬೆ ಗೆರೆ 2022ರ ಸೆಪ್ಟೆಂಬರ್ 2ರಂದು ಹೋಯಿತು. ನಮ್ಮ ಬಾವುಟ ಇದ್ದ ಹಾಗೇ ಇದೆ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದ ವ್ಯಾಪಾರಿ ಹಡಗುಗಳದ್ದೂ ಇದೇ ಮಾದರಿ, ಮೂಲೆ ಮಾತ್ರ ಬೇರೆ. ಗಾಳಿ ಬಿದ್ದು ಬಟ್ಟೆ ಜೋತುಬಿತ್ತು ಅಂದರೆ ದೂರದಿಂದ ನಾಲ್ಕೂ ಒಂದೇ.

ಕಾಕಾಗೆ ಹೇಳಿದ್ದು ಇಷ್ಟು: ಲಾರಿಗೆ ಕೆಎ 32 ಇದ್ದ ಹಾಗೆ ಇದು ರೀ. ಹಡಗು ಎಲ್ಲಿ ನೋಂದಣಿ ಆಗಿದೆಯೋ ಆ ದೇಶದ್ದು ಹಾಕಬೇಕು. ಮಾಲೀಕ ಜಪಾನಿನವನಾದರೂ ನೋಂದಣಿ ಪನಾಮಾದಲ್ಲಿ ಇದ್ದರೆ ಪನಾಮಾದ್ದೇ. ಒಂದು ಹಡಗಿಗೆ ಒಂದೇ ದೇಶ. ಹಿಂಬದಿಯಲ್ಲಿ ಬರೆದ ಬಂದರಿನ ಹೆಸರಿಗೂ ಬಾವುಟಕ್ಕೂ ತಾಳೆ ಆಗಲೇಬೇಕು.

ಹಡಗಿನಲ್ಲಿ ಬಾವುಟಗಳ ಉಸ್ತುವಾರಿ ಸಾಮಾನ್ಯವಾಗಿ ಥರ್ಡ್ ಆಫೀಸರ್ ತಲೆಗೇ ಬರುತ್ತೆ. ಹಡಗು ನಡೆಸುವ ಕೋಣೆ, ಅಂದರೆ ಬ್ರಿಡ್ಜ್‌ನಲ್ಲಿ ಅಂಚೆ ಕಚೇರಿ ಗೂಡುಗಳಂಥ ಕಪಾಟು, ಒಂದೊಂದು ಗೂಡಿಗೆ ಒಂದು ಬಾವುಟ. ಬಂದರಿನಲ್ಲಿ ಬೆಳಿಗ್ಗೆ 8ಕ್ಕೆ ಏರಿಸಿ ಸೂರ್ಯ ಮುಳುಗುವಾಗ ಇಳಿಸುತ್ತಿದ್ದೆವು. ನಮ್ಮದು ಹಿಂಬದಿ ಕಂಬಕ್ಕೆ. ನಾವು ಹೋದ ದೇಶದ್ದು ಮುಂದಿನ ಮಾಸ್ಟ್‌ನ ಬಲಗಡೆ, ಮರ್ಯಾದೆಗೆ. ಅರ್ಧಕ್ಕೆ ಹಾರಿಸುವ ದಿನವೂ ಮೊದಲು ತುದಿಯವರೆಗೆ ಏರಿಸಿ ಆಮೇಲೆ ಅರ್ಧಕ್ಕೆ ತರಬೇಕು. ಇಳಿಸುವಾಗಲೂ ಮತ್ತೆ ತುದಿ ಮುಟ್ಟಿಸಿಯೇ ಇಳಿಸೋದು. ಇದನ್ನು ಮಾತ್ರ ಕಾಕಾ ನನಗಿಂತ ಚೆನ್ನಾಗಿ ಬಲ್ಲರು.

ನಾನು ಎಡವಿದ್ದು ಇಂಡೋನೇಷ್ಯಾದಲ್ಲಿ. ಅವರದ್ದು ಮೇಲೆ ಕೆಂಪು, ಕೆಳಗೆ ಬಿಳಿ. ಬಾವುಟದ ಮೇಲ್ತುದಿಗೆ ಒಂದು ಮರದ ಗೂಟ, ಕೆಳತುದಿಗೆ ಕುಣಿಕೆ ಇರುತ್ತೆ, ಕತ್ತಲಲ್ಲೂ ತಪ್ಪಬಾರದು ಅಂತ. ನಮ್ಮ ಹಡಗಿನಲ್ಲಿದ್ದ ಇಂಡೋನೇಷ್ಯಾದ ಹಳೇ ಬಾವುಟದ ಗೂಟ ಕಿತ್ತುಹೋಗಿತ್ತು. ನಸುಕಿನಲ್ಲಿ ಅವಸರ ಅವಸರವಾಗಿ ಕಟ್ಟಿ ಎಳೆದೆ. ಬಂದರಿಗೆ ದಾರಿ ತೋರಿಸಲು ಹಡಗು ಹತ್ತಿದ ಅಲ್ಲಿನ ಪೈಲಟ್ ಮೇಲೆ ನೋಡಿ, "ಪೋಲೆಂಡಿಗೆ ಬಂದಿದ್ದೀರಾ?" ಅಂದ. ತಲೆಕೆಳಗಾದರೆ ಅದು ಪೋಲೆಂಡಿನದ್ದು! ಕ್ಯಾಪ್ಟನ್ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅವತ್ತು ರಾತ್ರಿ ಕೂತು ಎಲ್ಲ ಬಾವುಟಗಳ ಅಂಚಿನ ಮೇಲೆ ಮಾರ್ಕರ್‌ನಿಂದ 'ಮೇಲೆ' ಅಂತ ಕನ್ನಡದಲ್ಲೇ ಬರೆದೆ. ನಾನು ಇಳಿದ ಮೇಲೆ ಬಂದವನು ಅದನ್ನು ಏನಂತ ಓದಿಕೊಂಡನೋ!

ನನಗೆ ಇಷ್ಟವಾದ ಕೆಲಸ ಅಂದರೆ ನಮಸ್ಕಾರ ಹೇಳೋದು. ಯುದ್ಧನೌಕೆ ಪಕ್ಕ ಹಾದರೆ ವ್ಯಾಪಾರಿ ಹಡಗು ಮೊದಲು ಬಾವುಟ ತಗ್ಗಿಸಿ ಹಾಗೇ ಹಿಡಿಯಬೇಕು. ಅವರು ತಗ್ಗಿಸಿ ಮತ್ತೆ ಏರಿಸುತ್ತಾರೆ. ಆಮೇಲೆ ನಾವು. ಮುಂಬೈ ಹೊರಗೆ ಒಂದು ಸಲ ಹೀಗೆ ಹಗ್ಗ ಹಿಡಿದು ನಿಂತೆ, ಅವರು ನೋಡಲೇ ಇಲ್ಲ ಅನ್ನಿಸಿ ಕೈ ನಡುಗತೊಡಗಿತು. ಅಷ್ಟರಲ್ಲಿ ಆ ಬಿಳಿ ಬಾವುಟ ನಿಧಾನಕ್ಕೆ ಕೆಳಗೆ ಬಂತು.

ರಜೆಗೆ ಬಂದಾಗ ಕಾಕಾನ ಹಳೇ ಶಾಲೆ ಮಕ್ಕಳಿಗೆ ತೋರಿಸಲು ನಮ್ಮ ಹಡಗಿನದ್ದೇ ಥರದ ಕೆಂಪು ಬಾವುಟ ಒಂದು ಹೊಲಿಸೋಣ ಅನ್ನಿಸಿತು. ಸೂಪರ್ ಮಾರ್ಕೆಟ್ ಹತ್ತಿರದ ಟೇಲರ್ ಹತ್ತಿರ ಕೂತೆ. ಮೂಲೆ ಸರಿಯಾಗಿ ಕಾಲು ಭಾಗ ಬಂತು, ಚಕ್ರದ 24 ಗೆರೆ ಎರಡೂ ಕಡೆ ಬಂದವು. ಹಗ್ಗದ ಪಟ್ಟಿಯನ್ನು ಮಾತ್ರ ಆಚೆ ತುದಿಗೆ ಹೊಲಿದಿಟ್ಟಿದ್ದರು. ಹಾರಿಸಿದರೆ ತ್ರಿವರ್ಣ ಕಂಬದ ಹತ್ತಿರ ಇರದೆ ಗಾಳಿಯ ತುದಿಗೆ ಹೋಗುತ್ತೆ. ಗಾಳಿಗೆ ಮೊದಲು ಚಿಂದಿಯಾಗೋದು ಆ ತುದಿಯೇ. ಹಡಗಿನಲ್ಲಿ ಎಷ್ಟು ಸಲ ಅದನ್ನು ಕತ್ತರಿಸಿ ಮಡಚಿ ಹೊಲಿದಿದ್ದೇನೋ. ಟೇಲರ್ ಬೇಸರಪಡದೆ ಬಿಚ್ಚಿ ಮತ್ತೆ ಹೊಲಿದರು.

ಕಾಕಾ ನೋಡಿ, "ಇದನ್ನ ಸೆಪ್ಟೆಂಬರ್ 17ಕ್ಕ ಮಾಳಿಗಿ ಮ್ಯಾಲ ಹಾರಿಸೋಣೇನು?" ಅಂದರು.

"ಬ್ಯಾಡ್ರೀ ಕಾಕಾ, ಇದು ನೀರಿನ ಮ್ಯಾಲಿಂದು."