ದೊಡ್ಡ ಮಳಿಗೆಯ ಕೋವಿ ಕೌಂಟರಿನಲ್ಲಿ ನಾನು ಕಂಡದ್ದು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಶ್ಚಿಮ ಭಾಗದಲ್ಲಿ, ದೊಡ್ಡ ಸರಪಳಿ ಮಳಿಗೆಯೊಂದರ ಕೋವಿ ವಿಭಾಗದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಸಣ್ಣ ಪಟ್ಟಣವೊಂದರ ಕೋವಿ ಅಂಗಡಿಯಲ್ಲಿ ಮಾರಾಟದ ಜೊತೆಗೆ ರಿಪೇರಿಯನ್ನೂ ನೋಡಿಕೊಳ್ಳುತ್ತೇನೆ. ಕೊಡಗಿನಲ್ಲಿ ಹುಟ್ಟಿದವನಾದ್ದರಿಂದ ಕೋವಿ ನನಗೆ ಅಪರಿಚಿತ ವಸ್ತುವಾಗಿರಲಿಲ್ಲ. ಆಯುಧಗಳಿಗೆ ಪೂಜೆ ಸಲ್ಲಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಮುಂಚೆ ಮನೆಯ ಜೋಡುನಳಿಗೆ ಕೋವಿಯನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವ ಕೆಲಸ ಹುಡುಗನಾಗಿದ್ದಾಗಲೇ ನನ್ನ ಪಾಲಿಗೆ ಬಂದಿತ್ತು. ಅಪರಿಚಿತವಾಗಿದ್ದದ್ದು ಅದನ್ನು ಟೆಂಟು, ಬೂಟು, ಮೀನಿನ ಗಾಳಗಳ ಪಕ್ಕದಲ್ಲೇ ಇಟ್ಟು ಮಾರುವ ಪದ್ಧತಿ.

ಇಂಥ ಮಳಿಗೆಗಳಲ್ಲಿ ಕೋವಿ ವ್ಯಾಪಾರ ಏಕೆ ಕುಗ್ಗಿತು ಎಂದು ಕೇಳಿದರೆ, ಇಲ್ಲಿನ ಬೇಟೆಗಾರರು ಸಾಮೂಹಿಕ ಹತ್ಯೆಗಳ ಬಳಿಕ ಕಂಪನಿಗಳು ಕೈಗೊಂಡ ತೀರ್ಮಾನಗಳತ್ತ ಬೊಟ್ಟು ಮಾಡುತ್ತಾರೆ. ಅದು ಸುಳ್ಳಲ್ಲ. ವಾಲ್‌ಮಾರ್ಟ್ 1993ರಲ್ಲೇ ಅಲಾಸ್ಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಪಿಸ್ತೂಲು ಮಾರುವುದನ್ನು ನಿಲ್ಲಿಸಿತ್ತು. 2015ರಲ್ಲಿ ಸೇನೆಯ ರೈಫಲನ್ನು ಹೋಲುವ ಎಆರ್-15 ಮಾದರಿಯ ರೈಫಲ್‌ಗಳನ್ನು ಕೈಬಿಟ್ಟಿತು. 2019ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ಎಲ್ ಪಾಸೊದ ಅದರದೇ ಮಳಿಗೆಯಲ್ಲಿ ಹತ್ಯಾಕಾಂಡ ನಡೆದ ಮರುತಿಂಗಳು ಪಿಸ್ತೂಲಿನ ಗುಂಡುಗಳ ಮಾರಾಟವನ್ನೂ ಕೊನೆಗೊಳಿಸುವುದಾಗಿ ಹೇಳಿತು. ಇದರಿಂದ ದೇಶದ ಮದ್ದುಗುಂಡು ಮಾರುಕಟ್ಟೆಯಲ್ಲಿ ತನ್ನ ಪಾಲು ಸುಮಾರು ಶೇ 20ರಿಂದ ಶೇ 6–9ರ ಮಟ್ಟಕ್ಕೆ ಇಳಿಯಬಹುದೆಂದು ಕಂಪನಿಯೇ ಅಂದಾಜು ಮಾಡಿತ್ತು. ಕೊಳ್ಳುವವರು ಕಡಿಮೆಯಾದರೆಂದು ಇದರರ್ಥವಲ್ಲ: 2020ರಲ್ಲಿ ಕೋವಿ ಕೊಳ್ಳುವವರ ಹಿನ್ನೆಲೆ ನೋಡುವ ಎಫ್‌ಬಿಐನ ತಪಾಸಣಾ ವ್ಯವಸ್ಥೆ ಸುಮಾರು 3 ಕೋಟಿ 97 ಲಕ್ಷ ತಪಾಸಣೆಗಳನ್ನು ನಡೆಸಿತು, ಅದು ಅಲ್ಲಿಯವರೆಗಿನ ದಾಖಲೆ. ಗಿರಾಕಿ ಇದ್ದ, ಆದರೆ ಬೇರೆ ಬಾಗಿಲಿಗೆ ಹೋಗುತ್ತಿದ್ದ.

ನನ್ನ ಅಭಿಪ್ರಾಯದಲ್ಲಿ ಅವನು ಬಾಗಿಲು ಬದಲಿಸಲು ರಾಜಕೀಯಕ್ಕಿಂತ ಹಳೆಯದಾದ ಇನ್ನೊಂದು ಕಾರಣವಿದೆ, ಅದು ಬೆಲೆಚೀಟಿ. ಒಂದು ಕಾಲದಲ್ಲಿ ಸಿಯರ್ಸ್‌ನಂಥ ಮಳಿಗೆಗಳು ಹೆಸರಾಂತ ತಯಾರಕರಿಂದಲೇ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದ ಕೋವಿಗಳು ಇಂದಿಗೂ ನಮ್ಮ ಅಂಗಡಿಗೆ ರಿಪೇರಿಗೆ ಬರುತ್ತವೆ, ರಿಪೇರಿಯಾಗಿ ಹೋಗುತ್ತವೆ. ಆಮೇಲೆ ಬೆಲೆಯನ್ನು ಮೊದಲು ಗೊತ್ತು ಮಾಡಿ, ಆ ಬೆಲೆಗೆ ತಕ್ಕಂತೆ ಕೋವಿಯನ್ನು ಕೆತ್ತಿಸುವ ಕಾಲ ಬಂತು. 1950ರಲ್ಲಿ ಬಂದ ರೆಮಿಂಗ್ಟನ್ 870 ಪಂಪ್ ಶಾಟ್‌ಗನ್‌ಗೆ (ನಳಿಗೆಯಡಿಯ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ಕಾಡತೂಸನ್ನು ಏರಿಸುವ ಚರೆ ಕೋವಿ) 1987ರಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಅಗ್ಗದ ತಮ್ಮ ಹುಟ್ಟಿದ. ಅಣ್ಣನ ಮೈಯ ನುಣುಪಾದ ನೀಲಿ ಹೊಳಪು ತಮ್ಮನಿಗೆ ಬರಲಿಲ್ಲ. 2007ರಲ್ಲಿ ರೆಮಿಂಗ್ಟನ್ ಕಂಪನಿ ಒಂದು ಹೂಡಿಕೆ ಸಂಸ್ಥೆಯ ಕೈಸೇರಿತು, ಅದೇ ವರ್ಷದ ಕೊನೆಗೆ ಲಿವರ್ ರೈಫಲ್‌ಗಳಿಗೆ (ಕುದುರೆಯ ಸುತ್ತಲಿನ ಸನ್ನೆಯನ್ನು ಆಡಿಸಿ ಕಾಡತೂಸು ಏರಿಸುವ ರೈಫಲ್‌ಗಳಿಗೆ) ಹೆಸರಾದ ಮಾರ್ಲಿನ್ ಕಂಪನಿಯನ್ನೂ ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಕೆಲವು ವರ್ಷಗಳಲ್ಲಿ ಕನೆಕ್ಟಿಕಟ್‌ನ ಮಾರ್ಲಿನ್ ಕಾರ್ಖಾನೆ ಮುಚ್ಚಿ ತಯಾರಿಕೆ ನ್ಯೂಯಾರ್ಕ್‌ನ ಇಲಿಯನ್‌ಗೆ ಹೋಯಿತು. ಕೈಯಳತೆಯಲ್ಲಿ ಕೂಡಿಸಬಲ್ಲ ಹಳೆಯ ಕೆಲಸಗಾರರು ಯಂತ್ರಗಳ ಜೊತೆಗೆ ಲಾರಿ ಹತ್ತಿ ಹೋಗುವುದಿಲ್ಲವಲ್ಲ. ಹಾಗಾಗಿಯೇ ಇಂದಿಗೂ ನಮ್ಮಲ್ಲಿಗೆ ಬರುವ ಬೇಟೆಗಾರ ಹಳೆಯ ಮಾರ್ಲಿನ್ ಸಿಕ್ಕಿದರೆ ಬೆಲೆ ಕೇಳುವ ಮೊದಲು ನಳಿಗೆಯ ಬುಡದಲ್ಲಿ ‘ಜೆಎಂ’ ಎಂಬ ಮುದ್ರೆ ಹುಡುಕುತ್ತಾನೆ. ಅದು ಕನೆಕ್ಟಿಕಟ್‌ನ ಗುರುತು. ರೆಮಿಂಗ್ಟನ್ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು.

ಮಳಿಗೆಯ ಕೌಂಟರಿನಲ್ಲಿ ನಾನು ಕಂಡ ಇಳಿಕೆ ಇನ್ನೊಂದು ಬಗೆಯದು. ನಾನು ಸೇರಿದಾಗ ಅಲ್ಲಿ ನಿವೃತ್ತ ಕಾರ್ಖಾನೆ ಕೆಲಸಗಾರರಿಬ್ಬರಿದ್ದರು. ಕೋವಿಯ ಸದ್ದು ಕೇಳಿ ದೋಷ ಹೇಳಬಲ್ಲವರು. ಅವರು ಬಿಟ್ಟ ಮೇಲೆ ಬಂದವರಿಗೆ ಕೋವಿ ಕೊಳ್ಳುವವನು ತುಂಬಬೇಕಾದ 4473 ಎಂಬ ಸರ್ಕಾರಿ ಅರ್ಜಿಯನ್ನು ತಪ್ಪಿಲ್ಲದೆ ತುಂಬಿಸಿಕೊಳ್ಳುವುದು ಹೇಗೆಂದು ಕಲಿಸಲಾಗುತ್ತಿತ್ತೇ ಹೊರತು, ಜಿಂಕೆಗೆ ಯಾವ ತೋಟ (ಕಾಡತೂಸು), ಬಾತುಕೋಳಿಗೆ ಎಷ್ಟನೇ ನಂಬರಿನ ಚರೆ ಎಂಬುದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಮಾರಾಟವಾದ ಕೋವಿಯ ಡಬ್ಬಿಯನ್ನು ಮ್ಯಾನೇಜರ್ ತಾನೇ ಹೊತ್ತು, ಮದುಮಗಳನ್ನು ಬೀಳ್ಕೊಡುವಂತೆ ಗಿರಾಕಿಯ ಜೊತೆ ಹೊರಬಾಗಿಲವರೆಗೆ ನಡೆದುಹೋಗುವ ನಿಯಮ ಮಾತ್ರ ಕೊನೆಯವರೆಗೂ ಚಾಚೂ ತಪ್ಪದೆ ನಡೆಯಿತು.

ಆ ಕೌಂಟರಿನಲ್ಲಿ ನಾನು ರೂಢಿಸಿಕೊಂಡ ಕ್ರಮವನ್ನು ಈಗಲೂ ಬಿಟ್ಟಿಲ್ಲ. ಅರ್ಜಿಗೆ ಸಹಿ ಬೀಳುವ ಮುನ್ನವೇ, ಪ್ರದರ್ಶನಕ್ಕಿಟ್ಟದ್ದನ್ನಲ್ಲ, ಮನೆಗೆ ಹೋಗಲಿರುವ ಕೋವಿಯನ್ನೇ ಡಬ್ಬಿಯಿಂದ ತೆಗೆಸುತ್ತೇನೆ. ಏಕೆಂದರೆ ಒಮ್ಮೆ ಹೆಸರಿಗೆ ಬಂದ ಕೋವಿಯನ್ನು ಮಳಿಗೆಗಳು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ತೋಟ ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿದ ಮೇಲೂ ಬೆರಳು ಹಾಕಿ ಖಚಿತಪಡಿಸಿಕೊಳ್ಳುತ್ತೇನೆ. ಅನಂತರ ತೋಟವನ್ನು ಚೇಂಬರಿಗೆ ತಳ್ಳಿ ಮುಚ್ಚುವ ಬೋಲ್ಟನ್ನು ಮೆಲ್ಲಗೆ ಎಳೆಯಬೇಕು. ಜೋರಾಗಿ ಎಳೆದರೆ ಯಾವ ಕೋವಿಯೂ ಚೆನ್ನಾಗಿಯೇ ಓಡಿದಂತೆ ಕಾಣುತ್ತದೆ, ಎಲ್ಲಿ ಕಚ್ಚುತ್ತದೆಂಬುದು ತಿಳಿಯುವುದು ನಿಧಾನದಲ್ಲಿ. ಕೈ ಚಾಚಿ ಹಿಡಿದು ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಸೈಟ್ ನೆಟ್ಟಗಿದೆಯೇ ಎಂದು ಹಿಂದಿನಿಂದ ನೋಡುತ್ತೇನೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಸಮೇತ ಬರುವ ಅಗ್ಗದ ರೈಫಲ್ ಆದರೆ ಸ್ಕೋಪನ್ನು ಹಿಡಿದು ಹಗುರಾಗಿ ತಿರುಚಿ ನೋಡುತ್ತೇನೆ, ಅದು ಅಲುಗಿದ್ದನ್ನು ಹಲವು ಸಲ ಕಂಡಿದ್ದೇನೆ. ಅಂಥದ್ದಕ್ಕೆ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಎಣ್ಣೆಪಸೆ ಒರೆಸಿ, ಬಿಗಿತ ಅಳೆಯುವ ಸ್ಕ್ರೂಡ್ರೈವರಿನಿಂದ ಸಮನಾಗಿ ಕೂಡಿಸಿದರೆ ಸಾಕು.

ರಿಪೇರಿಗೆ ಹೆಚ್ಚಾಗಿ ಬರುವುದು ಅಗ್ಗದ ಪಂಪ್ ಶಾಟ್‌ಗನ್‌ಗಳು. ದೂರು ಒಂದೇ: ಈಡು ಹೊಡೆದ ಮೇಲೆ ಖಾಲಿ ತೋಟ ಚೇಂಬರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಗ್ಗದ ತೋಟದ ಬುಡಕ್ಕೆ ಹಿತ್ತಾಳೆಯ ಬದಲು ಉಕ್ಕು ಇರುತ್ತದೆ. ಹಿಗ್ಗಿದ ಉಕ್ಕು ಹಿತ್ತಾಳೆಯಷ್ಟು ಕುಗ್ಗುವುದಿಲ್ಲ, ಚೇಂಬರನ್ನು ಕೊರೆದಾಗ ಒಳಗೋಡೆಯಲ್ಲಿ ಉಳಿದ ಗೀರುಗಳು ಅದನ್ನು ಹಿಡಿದುಕೊಳ್ಳುತ್ತವೆ. ನಳಿಗೆಯನ್ನು ಕೋವಿಯಿಂದ ಕಳಚಿ, ಕಂಚಿನ ಬ್ರಷ್ಷಿಗೆ ಅತಿ ನಯವಾದ ಉಕ್ಕಿನ ನಾರನ್ನು ಸುತ್ತಿ, ಎಣ್ಣೆಯಲ್ಲಿ ಅದ್ದಿ, ಡ್ರಿಲ್ಲಿಗೆ ಸಿಕ್ಕಿಸಿ ಕಡಿಮೆ ವೇಗದಲ್ಲಿ ಚೇಂಬರಿನೊಳಗೆ ಮಾತ್ರ ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇನೆ. ಒಂದೇ ಜಾಗದಲ್ಲಿ ನಿಲ್ಲಿಸಬಾರದು, ಮರಳುಕಾಗದವನ್ನಂತೂ ಮುಟ್ಟಲೇಬಾರದು. ಆಗಾಗ ಒರೆಸಿ ಬೆಳಕಿಗೆ ಹಿಡಿದಾಗ ಬೂದುಬಣ್ಣ ಹೋಗಿ ಒಳಗೋಡೆ ಮಿಂಚತೊಡಗಿದರೆ ಕೆಲಸ ಮುಗಿಯಿತು. ಕಾರ್ಖಾನೆಯಲ್ಲಿ ಕೆಲವೇ ನಿಮಿಷ ಹಿಡಿಯುತ್ತಿದ್ದ ಈ ಕೆಲಸವನ್ನೇ ಬೆಲೆ ಇಳಿಸುವ ಹೆಸರಿನಲ್ಲಿ ಮಾಡದೆ ಬಿಟ್ಟಿರುತ್ತಾರೆ. ಅದಕ್ಕೆ ಗಿರಾಕಿ ನನಗೆ ಬೇರೆ ಹಣ ಕೊಡುತ್ತಾನೆ.

ಮಾರ್ಲಿನ್ ಹೆಸರನ್ನು 2020ರ ದಿವಾಳಿ ಹರಾಜಿನಲ್ಲಿ ರುಗರ್ ಎಂಬ ಕೋವಿ ಕಂಪನಿ ಕೊಂಡು, ಉತ್ತರ ಕ್ಯಾರೊಲಿನಾದಲ್ಲಿ ತಯಾರಿಕೆಯನ್ನು ಮತ್ತೆ ಆರಂಭಿಸಿದೆ. ಮರ ಮತ್ತು ಉಕ್ಕು ಕೂಡುವಲ್ಲಿ ಕಾಗದದ ಹಾಳೆಯೂ ತೂರದಷ್ಟು ಕೂಡಿಕೆ ಮರಳಿದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರಿದೆ. ಪೆನ್ಸಿಲ್ವೇನಿಯದಲ್ಲಿ ಜಿಂಕೆ ಬೇಟೆಗೆ ಪ್ರತಿ ಈಡಿನ ಬಳಿಕ ಮುಂದಿನ ತೋಟವನ್ನು ತಾನೇ ಏರಿಸಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲವಾದ್ದರಿಂದ ಇಂಥ ಲಿವರ್ ರೈಫಲ್‌ಗಳಿಗೆ ಇಲ್ಲಿ ಬೇಡಿಕೆ ಯಾವತ್ತೂ ಉಂಟು. ರೈಫಲ್‌ನಿಂದ ಜಿಂಕೆ ಬೇಟೆಯಾಡುವ ಋತು, ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಆರಂಭವಾಗುತ್ತದೆ. ದೊಡ್ಡ ಮಳಿಗೆಯಲ್ಲಿ ಕೊಂಡ ಕೋವಿಯನ್ನು ಸರಿಮಾಡಿಸಬೇಕೆನ್ನುವವರಿಗೆ ಅಕ್ಟೋಬರ್ ಮುಗಿಯುವುದರೊಳಗೆ ತಂದುಕೊಡಿ ಎನ್ನುತ್ತೇನೆ, ನವೆಂಬರ್‌ನಲ್ಲಿ ತಂದದ್ದನ್ನು ಕ್ರಿಸ್‌ಮಸ್‌ಗೆ ಮುಂಚೆ ಕೊಡಲು ನನಗೆ ಆಗುವುದಿಲ್ಲ.