ತೊಗರಿ ಬೀಜಕ್ಕೆ ರೈಜೋಬಿಯಂ ಲೇಪನ: ಬಿತ್ತುವ ದಿನವೇ ಮಾಡಿ
ತೊಗರಿ ಬಿತ್ತುವ ದಿನವೇ ಒಂದು ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಪುಡಿಯನ್ನು ಕಾಯಿಸಿ ಆರಿಸಿದ ಬೆಲ್ಲದ ನೀರಿನೊಂದಿಗೆ ಹಗುರವಾಗಿ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಿರಿ. ಎಳೆಯ ಬೇರು ಫ್ಲೇವೊನಾಯ್ಡ್ ಎಂಬ ಸಂಯುಕ್ತಗಳನ್ನು ಮಣ್ಣಿಗೆ ಸ್ರವಿಸುತ್ತದೆ; ಅವನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನ ಕಡೆಯಿಂದ ಇನ್ನೊಂದು ರಾಸಾಯನಿಕವನ್ನು ಬಿಟ್ಟಾಗ ಬೇರುರೋಮ ಸುರುಳಿಯಾಗಿ ಆ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಗಂಟು ಕಟ್ಟುತ್ತದೆ. ಈ ಸಂಕೇತ ಎಲ್ಲ ಬೆಳೆಗಳಿಗೂ ಒಂದೇ ಅಲ್ಲವಾದ್ದರಿಂದ ಕಡಲೆಯ ಪೊಟ್ಟಣ ತೊಗರಿಗೆ ಒದಗದು. ಬೆಳೆಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ದಯವಿಟ್ಟು ಓದಿಯೇ ಕೊಳ್ಳಿ. ಶಿಲೀಂಧ್ರನಾಶಕ ಬಳಸುವುದಾದರೆ ಅದನ್ನು ಮೊದಲೇ ಲೇಪಿಸಿ ಒಣಗಿಸಬೇಕು, ರೈಜೋಬಿಯಂ ಕೊನೆಗೆ. ಯೂರಿಯಾ ಹೆಚ್ಚಾದ ಹೊಲದಲ್ಲಿ ಗಿಡ ಗಂಟು ಕಟ್ಟುವುದು ಕಡಿಮೆ. ನಮ್ಮ ಕಲಬುರಗಿಯ ಎರೆಭೂಮಿಯಲ್ಲಿ ಮಳೆನೀರು ನಿಂತರಂತೂ ಗಾಳಿಯಾಡದೆ ಕಟ್ಟಿದ ಗಂಟುಗಳೂ ಸೊರಗುತ್ತವೆ. ಬಿತ್ತಿದ ಸುಮಾರು 40 ದಿನಕ್ಕೆ ಒಂದು ಗಿಡವನ್ನು ಕೈಯಿಂದ ಕೀಳದೆ, ಮಣ್ಣು ಸಮೇತ ಅಗೆದೆತ್ತಿ, ನೀರಲ್ಲಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಅದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ, ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಇಲ್ಲ.