ತಿಥಿ ನೋಡಿ ಉಳ್ಳಾಲದ ದಡ ಅಳೆದೆ: ನನ್ನ ಅನುಭವ

30 ಮೀಟರ್ ಪಿಕ್ಸೆಲ್ಲಿನ (ಒಂದು ಚುಕ್ಕಿಗೆ 30 ಮೀಟರ್ ನೆಲ) ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಉಳ್ಳಾಲದ ಕಡಲ್ಕೊರೆತ ಅಳೆಯೋಕೆ ಆಗಲ್ಲ ಅಂದವರು ತುಂಬ ಜನ. ನಾನು ಪಂಚಾಂಗ ಇಟ್ಟುಕೊಂಡು ಕೂತಾಗಲಂತೂ ನಕ್ಕೇಬಿಟ್ಟರು. ಈಗ ಅವರೇ ನನ್ನ ದಡದ ಗೆರೆಗಳಿರುವ ನಕ್ಷೆಯ ಕಡತ (ಶೇಪ್‌ಫೈಲ್) ಕೇಳುತ್ತಿದ್ದಾರೆ.

ಮೊದಲು ಎಲ್ಲರ ಹಾಗೆ ವರ್ಷಕ್ಕೊಂದು ಮೋಡವಿಲ್ಲದ ಚಿತ್ರ ತೆಗೆದು ದಡದ ಗೆರೆ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುವ ಡಿಎಸ್‌ಎಎಸ್ ತಂತ್ರಾಂಶಕ್ಕೆ ಹಾಕಿದೆ. ಒಂದೇ ಟ್ರಾನ್ಸೆಕ್ಟ್‌ನಲ್ಲಿ (ದಡಕ್ಕೆ ಅಡ್ಡವಾಗಿ ಎಳೆದ ಅಳತೆಗೆರೆ) ಈ ವರ್ಷ 15 ಮೀಟರ್ ಕೊರೆತ, ಮರುವರ್ಷ ಅಷ್ಟೇ ದಡ ವಾಪಸ್! ಅದು ಕೊರೆತವಲ್ಲ, ಉಬ್ಬರ-ಇಳಿತ. ನಮ್ಮಲ್ಲಿ ನೀರು ಹೆಚ್ಚೆಂದರೆ ಒಂದೂವರೆ ಮೀಟರ್ ಏರಿಳಿಯುತ್ತದೆ. ದಡದ ಇಳಿಜಾರು 12ಕ್ಕೆ 1 ಇದ್ದರೆ ಅಷ್ಟಕ್ಕೇ ನೀರಂಚು 18 ಮೀಟರ್ ಸರಿಯುತ್ತದೆ. ಇಳಿಜಾರು ಲೆಕ್ಕ ಹಾಕಿ ತಿದ್ದೋಣ ಅಂದರೆ, ಮಳೆಗಾಲದ ಮೊದಲು ಒಂದು ಇಳಿಜಾರು, ಆಮೇಲೆ ಇನ್ನೊಂದು.

ದಡದ ಮೇಲೆ ನಡೆದು ಜಾಗವನ್ನು ನಿಖರವಾಗಿ ಗುರುತಿಸುವ ಡಿಜಿಪಿಎಸ್ ಯಂತ್ರ ಬಾಡಿಗೆಗೂ ತಂದೆ. ದಿನಕ್ಕೆ ಐದಾರು ಸಾವಿರ, ಹುಡುಗರ ಕೂಲಿ, ಊಟ ಬೇರೆ. ಬಾಡಿಗೆಯವರು ಕೊಟ್ಟ ಬ್ಯಾಟರಿ ಮಧ್ಯಾಹ್ನವೇ ಕೈಕೊಟ್ಟಿತು. ಒಟ್ಟು 40 ಸಾವಿರದ ಹತ್ತಿರ ಹೋಯಿತು. ಸಿಕ್ಕಿದ್ದು ಇವತ್ತಿನ ದಡ ಮಾತ್ರ. 1990ರ ದಡ ಯಾವ ಡಿಜಿಪಿಎಸ್‌ಗೂ ಸಿಗಲ್ಲ, ಅಲ್ವಾ?

ಬಲೆ ಬೀಸುವ ಹಿರಿಯರು ನೀರಿನ ಹೊತ್ತನ್ನು ತಿಥಿ ಎಣಿಸಿಯೇ ಹೇಳುತ್ತಾರೆ. ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಹತ್ತೂವರೆ-ಹನ್ನೊಂದರ ಆಸುಪಾಸಿನಲ್ಲೇ. ಹೊತ್ತು ಒಂದೇ, ತಿಂಗಳು ಒಂದೇ, ತಿಥಿಯೂ ಒಂದೇ ಆದರೆ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ. ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರಗಳನ್ನು ತಿಂಗಳುವಾರು ಬೇರೆ ಮಾಡಿ, ಪ್ರತಿ ತಿಂಗಳಿಗೂ ಒಂದು ತಿಥಿ ಹಿಡಿದೆ. ಹಿಂದೆ-ಮುಂದೆ ಒಂದು ತಿಥಿಯ ವ್ಯತ್ಯಾಸವಿದ್ದರೂ ಒಪ್ಪಿಕೊಂಡೆ. ಹಳೆಯ ಕಾಲದಲ್ಲಿ ಕೆಲವು ವರ್ಷ ಒಂದೂ ಸಿಗಲಿಲ್ಲ, ಅದಕ್ಕೆ ನಾಲ್ಕು ವರ್ಷದ ಗುಂಪು ಮಾಡಿದೆ. 2015ರ ನಂತರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಇರುವುದರಿಂದ ಚಿಂತೆಯಿಲ್ಲ. 15-18 ಮೀಟರ್ ಇದ್ದ ಏರುಪೇರು ಆರೇಳಕ್ಕೆ ಇಳಿಯಿತು. ದುಡ್ಡು ಇಂಟರ್ನೆಟ್‌ಗೆ ಮಾತ್ರ!

ಲ್ಯಾಂಡ್‌ಸ್ಯಾಟ್ 5 ಮಾತ್ರ 90ರ ದಶಕದಲ್ಲಿ ಬೇಗ ಹಾದುಹೋಗುತ್ತಿತ್ತು. ಅದಕ್ಕೆ ತಿಥಿಯನ್ನೂ ಸರಿಸಬೇಕು. ಎಷ್ಟು, ಯಾವ ಕಡೆಗೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತಿಥಿ ಹಿಡಿಯುವವರಿಗೆ ಲೆಕ್ಕ ಸಿಕ್ಕೇ ಸಿಗುತ್ತದೆ.

ನಡುವೆ ತೆಂಗಿನ ಸಾಲಿನ ಅಂಚನ್ನೂ ಗೆರೆಯಾಗಿ ಎಳೆದು ನೋಡಿದೆ. ಮರ ಬಿದ್ದ ಮೇಲಷ್ಟೇ ಆ ಗೆರೆ ಸರಿಯುತ್ತದೆ. ಕೊರೆತದ ವೇಗ ಅಳೆಯೋಕೆ ಪ್ರಯೋಜನವಿಲ್ಲ, ತಾಳೆ ನೋಡೋಕೆ ಒಳ್ಳೆಯದು.

ಇನ್ನೊಂದು ಮಾತು ಜೋರಾಗಿಯೇ ಹೇಳಬೇಕು. ನೇತ್ರಾವತಿ ಅಳಿವೆಯ ತೆಂಕಣ ಭಾಗದಲ್ಲಿ ಕಲ್ಲು ಹಾಕಿದ ಕಡೆ ಗೆರೆ ನಿಂತೇಬಿಡುತ್ತದೆ. ಡಿಎಸ್‌ಎಎಸ್ ಅಲ್ಲಿ ಕೊರೆತ ಸೊನ್ನೆ ಅನ್ನುತ್ತದೆ. ಆದರೆ ಕಲ್ಲಿನ ಮುಂದೆ ಮರಳೇ ಇಲ್ಲ, ದೋಣಿ ಎಳೆಯೋಕೂ ಜಾಗವಿಲ್ಲ. ಅಂಥ ಟ್ರಾನ್ಸೆಕ್ಟ್‌ಗಳಲ್ಲಿ ಕಲ್ಲು ಬಿದ್ದ ವರ್ಷಕ್ಕೇ ರಿಗ್ರೆಶನ್ (ವರ್ಷಗಳ ದಡದಿಂದ ಕೊರೆತದ ವೇಗ ತೆಗೆಯುವ ಲೆಕ್ಕ) ಕತ್ತರಿಸಿ. ಸುಮ್ನೆ ಸರಾಸರಿ ತೆಗೆದು ದಡ ಸುರಕ್ಷಿತ ಅಂತ ವರದಿ ಬರೆಯಬೇಡಿ.